ಹೊಸ ಮೊಲ ಸೀನುತ್ತಿದೆ, ಹಳೆಯದಕ್ಕೂ ಅಂಟುತ್ತಾ? ಬೇಗ ಹೇಳಿ

ಬಿಳಿಮೂತಿ:
ತಲೆ ಕೆಟ್ಟುಹೋಗಿದೆ. ಹೊಸದಾಗಿ ತಂದ ಮೊಲ ಸೀನುತ್ತಲೇ ಇದೆ. ಗೂಡು ತೊಳೆದೆ, ನೀರಿನ ಬಾಟಲಿ ಬದಲಾಯಿಸಿದೆ, ಏನೂ ಉಪಯೋಗ ಇಲ್ಲ. ಹಳೆಯದಕ್ಕೂ ಅಂಟಿದರೆ ಏನು ಗತಿ? "ಡಾಕ್ಟರಿಗೆ ತೋರಿಸಿ" ಅಂತ ಒಂದೇ ಮಾತು ಹೇಳಿ ಕೈ ತೊಳೆದುಕೊಳ್ಳಬೇಡಿ ದಯವಿಟ್ಟು.

ಉದ್ದಕಿವಿ:
ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾದ ಸೋಂಕು. ಅನುಮಾನವೇ ಬೇಡ. ಮುಂಗಾಲಿನ ಒಳಬದಿ ನೋಡಿ. ಕೂದಲು ಅಂಟಂಟಾಗಿ ಗಂಟು ಕಟ್ಟಿದ್ದರೆ ಅಲ್ಲೇ ಮೂಗು ಒರೆಸಿಕೊಳ್ಳುತ್ತಿದೆ. ಮೂಗಿಗೆ ಮೂಗು ತಾಗಿದರೆ ಸಾಕು, ಹರಡುತ್ತದೆ. ಈಗಲೇ ಬೇರೆ ಮಾಡಿ.

ಹುಲ್ಲುಕಡ್ಡಿ:
ಗೊಣ್ಣೆ ಬರುತ್ತಿದೆಯಾ? ನೀರಾಗಿದೆಯಾ, ಬೆಳ್ಳಗೆ ಗಟ್ಟಿಯಾಗಿದೆಯಾ? ಒಂದು ಹೊಳ್ಳೆಯಾ, ಎರಡೂನಾ? ಹುಲ್ಲು ತಿನ್ನುತ್ತಿದೆಯಾ? ಹಿಕ್ಕೆ ಹೇಗಿದೆ? "ಸೀನುತ್ತಿದೆ" ಅಷ್ಟರಿಂದ ಏನು ಹೇಳಲಿ?

ಬಿಳಿಮೂತಿ:
ತಿನ್ನುತ್ತಿದೆ, ಹಿಕ್ಕೆ ಸರಿ ಇದೆ. ಗೊಣ್ಣೆ ಸ್ವಲ್ಪ. ಎರಡಕ್ಕೂ ಬೇರೆ ಬೇರೆ ಗೂಡೇ ಇದೆಯಲ್ಲ, ಪಕ್ಕಪಕ್ಕ ಇಟ್ಟಿದ್ದೇನೆ. ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಮನೆಯಲ್ಲಿದೆ, ಎರಡು ಹನಿ ಕೊಡಲಾ?

ಹುಲ್ಲುಕಡ್ಡಿ:
ಬೇಡ!! ಮೊಲದ ಬಾಯಿಗೆ ಅಮಾಕ್ಸಿಸಿಲಿನ್, ಪೆನಿಸಿಲಿನ್ ಹಾಕಲೇಬಾರದು. ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರೀಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಾಗುತ್ತದೆ, ಅದು ಬಿಡುವ ವಿಷಕ್ಕೆ ಮೊಲ ಸಾಯಬಹುದು. ಸಿರಪ್ಪನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ.

ಉದ್ದಕಿವಿ:
ಪಕ್ಕಪಕ್ಕ ಇಟ್ಟರೆ ಸೀನಿದ ಹನಿ ಜಾಲರಿ ದಾಟಲ್ವಾ? ಬೇರೆ ಕೋಣೆ ಬೇಕು. ಮೊದಲು ಆರೋಗ್ಯವಾಗಿರುವುದಕ್ಕೆ ಹುಲ್ಲು ಹಾಕಿ, ಆಮೇಲೆ ಇದಕ್ಕೆ. ಕೈ ತೊಳೆಯಿರಿ, ಅಂಗಿ ಬದಲಾಯಿಸಿ. ಬಟ್ಟಲು, ಬ್ರಷ್ ಎಲ್ಲಾ ಬೇರೆ. ಹೊಸ ಮೊಲ ತಂದರೆ ಒಂದು ತಿಂಗಳು ಹೀಗೇ ಇಡಬೇಕು, ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಗೂಡುಪ್ರಿಯ:
ಗೂಡು ಮರದ್ದಾ? ಮರ ಉಚ್ಚೆ ಹೀರುತ್ತದೆ, ಅಮೋನಿಯಾ ಘಾಟಿಗೇ ಮೂಗು ಕೆಡುತ್ತದೆ. ನನ್ನದು ಮೂರಂತಸ್ತು, ಪೂರ್ತಿ ಸ್ಟೀಲು, ಎಳೆಯುವ ಟ್ರೇ, ಹಿಂದೆ ಎಕ್ಸಾಸ್ಟ್ ಫ್ಯಾನು. ಎಲ್ಲಾ ನಾನೇ ವೆಲ್ಡ್ ಮಾಡಿದ್ದು. ಫೋಟೋ ಬೇಕಾ?

ಹುಲ್ಲುಕಡ್ಡಿ:
ಜಾಲರಿ ನೆಲ ಅಲ್ಲ ತಾನೇ? ಅಂಗಾಲು ಹುಣ್ಣಾಗುತ್ತದೆ.

ಗೂಡುಪ್ರಿಯ:
ಮೇಲೆ ಮ್ಯಾಟ್ ಇದೆ ಸ್ವಾಮಿ. ನೋಡದೆ ಮಾತಾಡಬೇಡಿ.

ಉದ್ದಕಿವಿ:
ಗೂಡಿನ ಕತೆ ಬಿಡಿ. ಪಾಶ್ಚುರೆಲ್ಲಾ ಇದು.

ಹುಲ್ಲುಕಡ್ಡಿ:
ಎಷ್ಟೋ ಮೊಲಗಳ ಮೂಗಿನಲ್ಲಿ ಅದು ಸುಮ್ನೆ ಇರುತ್ತದೆ, ಜಾಗ ಬದಲಾದ ಒತ್ತಡಕ್ಕೆ ಕೆರಳುತ್ತದೆ. ಅಂದರೆ ಹಳೆಯ ಮೊಲವೇ ಇದಕ್ಕೆ ಅಂಟಿಸಿರಬಹುದು! ಬಾರ್ಡಟೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಸೀನು ತರಿಸುತ್ತದೆ. ಮೂಗಿನ ಆಳದಿಂದ ಹತ್ತಿಕಡ್ಡಿಯಲ್ಲಿ ಗೊಣ್ಣೆಯ ಸ್ವಾಬ್ ತೆಗೆದು, ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಮಾಡಿಸದೆ ಯಾವುದು ಅಂತ ಹೇಗೆ ಹೇಳುತ್ತೀರಿ?

ಉದ್ದಕಿವಿ:
ಇಷ್ಟು ವರ್ಷ ಮೊಲ ಸಾಕಿದವನಿಗೆ ಸ್ವಾಬ್ ಬೇಕಿಲ್ಲ.

ಬಿಳಿಮೂತಿ:
ಜಗಳ ಆಮೇಲೆ ಆಡಿ. ಮುಂಗಾಲು ನೋಡಿದೆ, ಬಲಗಾಲು ಮಾತ್ರ ಅಂಟಾಗಿದೆ. ಗೊಣ್ಣೆಯೂ ಬಲ ಹೊಳ್ಳೆಯಲ್ಲೇ. ಬಲಗಣ್ಣಲ್ಲಿ ಮೊದಲಿಂದಲೂ ನೀರು, ಅದು ಈ ತಳಿಗೆ ಮಾಮೂಲು ಅಂತ ಕೊಟ್ಟವರೇ ಹೇಳಿದ್ದರು. ಇನ್ನು ಗಿನಿಪಿಗ್ಗೂ ಅದೇ ಕೋಣೆಯಲ್ಲಿದೆ, ಅದು ಲೆಕ್ಕಕ್ಕೆ ಬರುತ್ತಾ?

ಹುಲ್ಲುಕಡ್ಡಿ:
ಇದನ್ನು ಮೊದಲೇ ಹೇಳಬಾರದಿತ್ತಾ! ಒಂದೇ ಕಡೆ ಕಣ್ಣು, ಮೂಗು ಎರಡೂ ಸೋರಿದರೆ ದವಡೆ ಹಲ್ಲಿನ ಬೇರನ್ನು ನೋಡಲೇಬೇಕು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ, ಬೇರು ಉದ್ದವಾಗಿ ಕಣ್ಣೀರಿನ ನಾಳ ಒತ್ತಿದರೆ ಹೀಗಾಗುತ್ತದೆ. ಹಲ್ಲಿನದಾದರೆ ಅಂಟುರೋಗವೇ ಅಲ್ಲ. ತಲೆಯ ಎಕ್ಸ್‌ರೇ ತೆಗೆಸಿ. ಗಿನಿಪಿಗ್ಗನ್ನು ಇವತ್ತೇ ಬೇರೆ ಕಡೆ ಹಾಕಿ. ಮೊಲದಲ್ಲಿ ಸುಮ್ಮನಿರುವ ಬಾರ್ಡಟೆಲ್ಲಾ ಅದಕ್ಕೆ ನ್ಯುಮೋನಿಯಾ ತರಿಸುತ್ತದೆ.

ಉದ್ದಕಿವಿ:
ಪಾಶ್ಚುರೆಲ್ಲಾನೂ ಕಣ್ಣಿಗೆ ಹೋಗುತ್ತದೆ. ಒಂದೇ ಕಡೆಯೂ ಆಗಬಹುದು.

ಹುಲ್ಲುಕಡ್ಡಿ:
ಆಗಬಹುದು. ಅದಕ್ಕೇ ಪರೀಕ್ಷೆ ಮಾಡಿಸಿ ಅಂದಿದ್ದು. ಬಿಳಿಮೂತಿಯವರೇ, ತಿನ್ನುವುದು ನಿಲ್ಲಿಸಿದರೆ ಅಥವಾ ಬಾಯಿ ತೆರೆದು ಉಸಿರಾಡಿದರೆ ಒಂದು ಗಂಟೆಯೂ ಕಾಯಬೇಡಿ. ಮೊಲ ಮೂಗಿನಲ್ಲೇ ಉಸಿರಾಡುವ ಪ್ರಾಣಿ.

ಬಿಳಿಮೂತಿ:
ಸರಿ, ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ. ಈಗ ಹಳೆಯದೂ ಒಂದು ಸಲ ಸೀನಿತು.

ಉದ್ದಕಿವಿ:
ಹೇಳಿದ್ನಲ್ಲ!

ಗೂಡುಪ್ರಿಯ:
ಹುಲ್ಲಿನ ಧೂಳಿಗೂ ಸೀನುತ್ತವೆ. ನನ್ನದರಲ್ಲಿ ಫ್ಯಾನ್ ಇರುವುದರಿಂದ ಧೂಳು ನಿಲ್ಲುವುದೇ ಇಲ್ಲ.

ಚಿಗುರು:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಮೊಲದ ಕತ್ತು ಒಂದು ಕಡೆ ವಾಲಿದೆ. ಇದೂ ಪಾಶ್ಚುರೆಲ್ಲಾನಾ?

ಉದ್ದಕಿವಿ:
ಹೌದು.

ಹುಲ್ಲುಕಡ್ಡಿ:
ದೇವರೇ. ಒಳಕಿವಿಯ ಸೋಂಕಿರಬಹುದು, ಉಚ್ಚೆಯಿಂದ ಹರಡುವ ಇ. ಕ್ಯೂನಿಕ್ಯುಲೈ ಅನ್ನುವ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು, ಔಷಧಿ ಬೇರೆ ಬೇರೆ. ನೀವು ಹೊಸ ಚರ್ಚೆ ಶುರು ಮಾಡಿ ಚಿಗುರು. ವಯಸ್ಸು, ಊಟ, ಗೂಡು, ಜೊತೆಗಿರುವ ಪ್ರಾಣಿ, ಎಲ್ಲಾ ಬರೆಯಿರಿ.

ಗೂಡುಪ್ರಿಯ:
ಗೂಡಿನ ಫೋಟೋನೂ ಹಾಕಿ.