ಅಮ್ಮನ ಶುಗರ್ ಮಾತ್ರೆಯ ಖರ್ಚು: ಇಳಿಸಿಕೊಂಡವರು ದಯವಿಟ್ಟು ಹೇಳಿ

ಯಲಹಂಕದಲ್ಲಿದ್ದೇವೆ. ಅಮ್ಮನಿಗೆ 64 ವರ್ಷ. ಶುಗರ್ ಮಾತ್ರೆಗಳಿಗೇ ತಿಂಗಳಿಗೆ 3,000 ರೂಪಾಯಿ ದಾಟುತ್ತಿದೆ. ಔಷಧಿ ಬೆಲೆಗೆ ಕಾನೂನಿನ ಮಿತಿ ಇದೆ ಅಂತಾರೆ. ನಮ್ಮ ಬಿಲ್ಲಿನಲ್ಲಿ ಯಾಕೆ ಅದು ಕಾಣುತ್ತಿಲ್ಲ?

ರಾಜಾಜಿನಗರದಿಂದ:
ಮಿತಿ ಇದೆ ಅಕ್ಕ, ಎಲ್ಲ ಮಾತ್ರೆಗೂ ಇಲ್ಲ. ಅಪ್ಪನ ಔಷಧಿ ಡಬ್ಬಿಯನ್ನು ಚಾಪೆ ಮೇಲೆ ಸುರಿದುಕೊಂಡು, ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಸ್ಟ್ರಿಪ್ಪಿನ ಹಿಂಭಾಗ ಓದಿದ ರಾತ್ರಿ ನನಗೆ ಇದು ಅರ್ಥವಾಯಿತು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಸರ್ಕಾರ ಗರಿಷ್ಠ ಬೆಲೆ ಕಟ್ಟುವುದು ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದಕ್ಕೆ. ಶುಗರ್ ಔಷಧಿಗಳಲ್ಲಿ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಅದರಲ್ಲಿವೆ. 2022ರಲ್ಲಿ ಟೆನೆಲಿಗ್ಲಿಪ್ಟಿನ್, ಇನ್ಸುಲಿನ್ ಗ್ಲಾರ್ಜಿನ್ ಸೇರಿದವು. ಅಪ್ಪ ನುಂಗುತ್ತಿದ್ದದ್ದು ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ಸೇರಿದ ಒಂದೇ ಮಾತ್ರೆ. ಬಿಡಿಯಾಗಿ ಎರಡೂ ಪಟ್ಟಿಯಲ್ಲಿವೆ, ಜೋಡಿ ಇಲ್ಲ! ಪಟ್ಟಿಯ ಹೊರಗಿನದಕ್ಕೆ ಕಂಪನಿ ವರ್ಷಕ್ಕೆ ಶೇ. 10ರವರೆಗೆ ಬೆಲೆ ಏರಿಸಬಹುದು. ನಮ್ಮ ಬೀದಿಯಲ್ಲೇ ಎಷ್ಟೋ ಹಿರಿಯರು ಈ ಜೋಡಿ ಮಾತ್ರೆ ನುಂಗುವವರು. ಅವರನ್ನು ಹೊರಗಿಟ್ಟ ಮಿತಿ ಅರ್ಧ ಮಿತಿಯೇ. ಇದನ್ನು ತಿದ್ದಲೇಬೇಕು.

ಡಾಕ್ಟರನ್ನು ಕೇಳಿದೆ. "ಎರಡು ಮಾತ್ರೆ ಮರೆಯದೆ ತಗೋತೀರಾ?" ಅಂತ ಅಪ್ಪನನ್ನು ಎರಡು ಸಲ ಕೇಳಿಯೇ ಬಿಡಿಬಿಡಿಯಾಗಿ ಬರೆದುಕೊಟ್ಟರು. ಅದರಿಂದ ತಿಂಗಳಿಗೆ ಸುಮಾರು 200 ರೂಪಾಯಿ ಉಳಿಯಿತು. ನೀವಾಗಿಯೇ ಬದಲಾಯಿಸಬೇಡಿ, ಡೋಸ್ ಹೆಚ್ಚಾದರೆ ಶುಗರ್ ತೀರಾ ಇಳಿದು ತಲೆ ಸುತ್ತಿ ಬೀಳುತ್ತಾರೆ.

ಇನ್ನೊಂದು, ಪೇಟೆಂಟ್. ಅದು ಇರುವವರೆಗೆ ಬೇರೆ ಕಂಪನಿಗಳು ಅನುಮತಿಯಿಲ್ಲದೆ ಆ ಔಷಧಿ ಮಾಡುವ ಹಾಗಿಲ್ಲ. ನಮ್ಮ ಕಾಯ್ದೆಯಲ್ಲಿ ಅದರ ಅವಧಿ 20 ವರ್ಷ. ಸಿಟಾಗ್ಲಿಪ್ಟಿನ್ ಅನ್ನೋ ಶುಗರ್ ಮಾತ್ರೆಯದು 2022ರಲ್ಲಿ ಮುಗಿಯಿತು. ಅದೇ ವರ್ಷ ಸರ್ಕಾರದ ಜನೌಷಧಿ ಅಂಗಡಿಗಳಲ್ಲಿ 50 ಮಿ.ಗ್ರಾಂನ ಹತ್ತು ಮಾತ್ರೆ 60 ರೂಪಾಯಿಗೆ ಬಂತು. ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ ಮುಗಿಯಿತು. ಒಂದಕ್ಕೆ 60 ರೂಪಾಯಿಯ ಆಸುಪಾಸಿದ್ದ ಮಾತ್ರೆ ಈಗ ಕೆಲವು ಕಂಪನಿಗಳದ್ದು 15ರ ಒಳಗೇ ಸಿಗುತ್ತದೆ. ಅಮ್ಮನ ಚೀಟಿಯಲ್ಲಿ ಇವು ಹಳೇ ಬ್ರ್ಯಾಂಡ್ ಹೆಸರಿನಲ್ಲೇ ಇದ್ದರೆ ದೊಡ್ಡ ಉಳಿತಾಯ ಅಲ್ಲಿದೆ.

ಬನಶಂಕರಿಯಿಂದ:
ಚೀಟಿಯಲ್ಲಿ ಬ್ರ್ಯಾಂಡ್ ಹೆಸರಷ್ಟೇ ಇದ್ದರೆ ಮೆಡಿಕಲ್ ಶಾಪಿನವರು ಬೇರೆ ಕಂಪನಿಯದ್ದು ಕೊಡುವ ಹಾಗಿಲ್ಲ. ನಾನು ಎರಡು ಸಲ ಬರಿಗೈಲಿ ವಾಪಸ್ ಬಂದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಡಾಕ್ಟರುಗಳು ಜೆನೆರಿಕ್ ಹೆಸರನ್ನೇ, ಅಂದರೆ ಔಷಧಿಯ ಮೂಲ ಹೆಸರನ್ನೇ ಬರೆಯಬೇಕೆಂದು ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಜೆನೆರಿಕ್ ಔಷಧಿಗಳ ಗುಣಮಟ್ಟದ ಅನುಮಾನ ಇದ್ದರೆ ತಪಾಸಣೆ ಬಿಗಿ ಮಾಡಲಿ. ರೋಗಿಯ ಜೇಬಿಗೆ ಯಾಕೆ ಕೈ ಹಾಕಬೇಕು? ಡಾಕ್ಟರ್ ಹತ್ತಿರ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ. ಕೇಳೋಕೆ ಸಂಕೋಚ ಬೇಡ.

ಪೀಣ್ಯದಿಂದ:
ನಮ್ಮತ್ತೆಗೆ ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲಿ ಮೆಟ್‌ಫಾರ್ಮಿನ್ ಉಚಿತವಾಗಿ ಸಿಗ್ತಿದೆ. ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ತಗೋಬೇಡಿ, ಬೆಲೆ ಇರೋ ತುಂಡು ಅಂಗಡಿಯಲ್ಲೇ ಉಳಿಯುತ್ತೆ. ಸರ್ಕಾರದ ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಮಿತಿ ಬೆಲೆ ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿ.

ಯಲಹಂಕದಿಂದ, ಮತ್ತೆ:
ಎಲ್ಲರಿಗೂ ಧನ್ಯವಾದ. ಈಗಷ್ಟೇ ಸ್ಟ್ರಿಪ್ ತಿರುಗಿಸಿ ನೋಡಿದೆ. ಸಿಟಾಗ್ಲಿಪ್ಟಿನ್ ಅಂತಲೇ ಇದೆ. ಅಮ್ಮ ಹೆಸರನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡಿದ್ದಾರೆ, ಸೋಮವಾರ ಡಾಕ್ಟರನ್ನು ಅವರೇ ಕೇಳ್ತಾರಂತೆ.