ಡೆಸ್ಕ್‌ಟಾಪ್ ಎರಡು ಸೆಕೆಂಡ್ ಆನ್ ಆಗಿ ಆಫ್ ಆಗುತ್ತದೆ: ರಿಪೇರಿಯೋ, ಹೊಸದೋ? ಅನುಭವ ಇದ್ದವರು ಹೇಳಿ

ಠಾಣೆ:
ನಮ್ಮದು 2016ರಲ್ಲಿ ಜೋಡಿಸಿದ್ದು. ಐ5 6ನೇ ತಲೆಮಾರು, 8 ಜಿಬಿ ರ‍್ಯಾಮ್, ವಿಂಡೋಸ್ 10. ಮಳೆ ಶುರುವಾದಾಗಿನಿಂದ ಬಟನ್ ಒತ್ತಿದರೆ ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಲ್ಲುತ್ತದೆ. ಐದಾರು ಸಲ ಒತ್ತಿದ ಮೇಲೆ ಆನ್ ಆದರೂ ಅರ್ಧ ಗಂಟೆಗೆ ಆಫ್. ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ, 6,500 ಆಗುತ್ತದೆ ಅಂದರು. ಅಪ್ಪ ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಬರಹವೆಲ್ಲ ಅದರಲ್ಲೇ ಇದೆ. ಏನು ಮಾಡಲಿ?

ಡೊಂಬಿವಲಿ:
ಮದರ್‌ಬೋರ್ಡ್ ಅಂದ ತಕ್ಷಣ ದುಡ್ಡು ಬಿಚ್ಚಬೇಡಿ. ನಾನು ಬಿಚ್ಚಿ ಕೆಟ್ಟವನು. ಹೋದ ಜುಲೈಯಲ್ಲಿ ನನ್ನದಕ್ಕೂ ಇದೇ ಕಾಯಿಲೆ. ರಜೆ ಹಾಕಿ, ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಲೋಕಲ್‌ನಲ್ಲಿ ದಾದರ್‌ವರೆಗೆ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಅಲ್ಲಿಂದ ಮಳೆ ಅಂತ ಲ್ಯಾಮಿಂಗ್ಟನ್ ರಸ್ತೆಗೆ ಟ್ಯಾಕ್ಸಿ, 420. ಅಂಗಡಿಯವನು ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರ್ ತೆಗೆದು, ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಪಿನ್ನು ಚುಚ್ಚಿದ. ಫ್ಯಾನ್ ತಿರುಗಿತು. ನೋಡಿ, ಎಸ್‌ಎಂಪಿಎಸ್ ಸರಿಯಿದೆ, ಬೋರ್ಡೇ ಹೋಗಿದೆ ಅಂದ. ಬೋರ್ಡ್ 5,900, ತಪಾಸಣೆ 500, ಥರ್ಮಲ್ ಪೇಸ್ಟ್ 250, ಟ್ಯಾಕ್ಸಿ ಸೇರಿ 7,070. ಹತ್ತೊಂಬತ್ತೇ ದಿನ ನಡೆಯಿತು, ಮತ್ತೆ ಅದೇ ಕಥೆ. ಕೊನೆಗೆ ಆಫೀಸಿನ ಹುಡುಗನೊಬ್ಬ ತನ್ನ ಮನೆಯ ಎಸ್‌ಎಂಪಿಎಸ್ ತಂದು ಹಾಕಿದ, ಒಂದೇ ಸಲಕ್ಕೆ ಆನ್ ಆಯಿತು. ಹೊಸದಕ್ಕೆ 2,450 ಕೊಟ್ಟೆ. ಅವತ್ತಿನಿಂದ ಒಂದು ಸಲವೂ ಆಫ್ ಆಗಿಲ್ಲ. ಆ 7,070 ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ವಾಸ್ಕೋ:
ಎಲ್ಲರದ್ದೂ ಎಸ್‌ಎಂಪಿಎಸ್ ಅಲ್ಲ ಸರ್. ನಮ್ಮ ಮನೆ ಸಮುದ್ರದಿಂದ ಕೂಗಳತೆ ದೂರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಉಪ್ಪಿನ ಗಾಳಿ ಬೇರೆ. ನನ್ನದು ಮೂರು ಮಳೆಗಾಲ ಸತ್ತು ಬದುಕಿತು. ಪ್ರತಿ ಸಲ ರ‍್ಯಾಮ್ ತೆಗೆದು, ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದರೆ ಸರಿಹೋಗುತ್ತಿತ್ತು. ನಾಲ್ಕನೇ ವರ್ಷ ಆಗಲಿಲ್ಲ. ಬೋರ್ಡ್ ಬಿಚ್ಚಿದರೆ ಸ್ಕ್ರೂ ಸುತ್ತ ಹಸಿರು ಕಿಲುಬು. ಆಮೇಲೆ ಕ್ಯಾಬಿನೆಟ್ ನೆಲದಿಂದ ಎತ್ತಿ ಸ್ಟೂಲ್ ಮೇಲಿಟ್ಟೆ. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಾ ಒಂದು ಗಂಟೆ ಆನ್ ಮಾಡಿಡುತ್ತೇನೆ. ಆ ಬಿಸಿಗೇ ಒಳಗೆ ಒಣಗಿರುತ್ತದೆ.

ಕೋಥ್ರೂಡ್:
ರಬ್ಬರಿನಿಂದ ಉಜ್ಜಬೇಡ್ರಿ! ಆ ಚಿನ್ನದ ಲೇಪ ಬಹಳ ತೆಳು, ಉಜ್ಜಿದಷ್ಟೂ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು.

ಇನ್ನು ನನ್ನ ಕಥೆ. ಹಳೆಯದಕ್ಕೆ ಮೂರು ವರ್ಷದಲ್ಲಿ ಹಾಕಿದ್ದು: ರ‍್ಯಾಮ್ 1,900, ಹಾರ್ಡ್‌ಡಿಸ್ಕ್ 3,400, ಎಸ್‌ಎಂಪಿಎಸ್ ಎರಡು ಸಲ 1,100ರಂತೆ, ಕೂಲರ್ ಫ್ಯಾನ್ 650, ಐದು ಸಲ ಬಂದುಹೋದವನಿಗೆ 300ರಂತೆ. ಒಟ್ಟು 9,650. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅದಾದ ಮೇಲೆ ತಪಕೀರ್ ಗಲ್ಲಿಗೆ ಹೋಗಿ 46,500ಕ್ಕೆ ಹೊಸದು ಜೋಡಿಸಿಕೊಂಡು ಬಂದೆ. ಒಂದು ದಿನವೂ ಬೇಸರವಾಗಿಲ್ಲ. ನಿಮ್ಮ 6ನೇ ತಲೆಮಾರಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಮೇಲಿನದೇ ಆಗಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಹಳೆಯದಕ್ಕೆ ಇನ್ನೊಂದು ರೂಪಾಯಿಯೂ ಹಾಕಬಾರದು.

ಡೊಂಬಿವಲಿ:
46,500 ಎಲ್ಲರ ಕೈಯಲ್ಲೂ ಇರುತ್ತಾ ಸರ್? ನೀವೇ ಬರೆದಿದ್ದೀರಿ, 1,100ರ ಎಸ್‌ಎಂಪಿಎಸ್ ಎರಡು ಸಲ ಅಂತ. ತಪ್ಪಿದ್ದು ಅಲ್ಲೇ. ಮೊದಲನೇ ಸಲವೇ ಒಳ್ಳೆಯದು ಹಾಕಿದ್ದರೆ ಹಳೆಯದೇ ಇವತ್ತೂ ಓಡುತ್ತಿತ್ತು. ವಿಂಡೋಸ್ 11 ಬರದಿದ್ದರೆ ಲಿನಕ್ಸ್ ಹಾಕಿಕೊಳ್ಳಬಹುದು, ನಾನು ಅದನ್ನೇ ಮಾಡಿದ್ದು.

ಕೋಥ್ರೂಡ್:
ನನಗೆ 63. ತೊಡೆ ಮೇಲೆ ಕ್ಯಾಬಿನೆಟ್ ಇಟ್ಟುಕೊಂಡು ಊರು ಸುತ್ತುವ ವಯಸ್ಸಲ್ಲ. ಮಲ್ಟಿಮೀಟರ್ ಇಟ್ಟು ನೋಡಿಯೇ ಹಾಕಿಸಿದ್ದು, 12 ವೋಲ್ಟ್ ಸರಿಯಾಗಿ ಬರುತ್ತಿತ್ತು. ಸುಮ್ನೆ ಮಾತಾಡಬೇಡಿ.

ವಾಸ್ಕೋ:
ಯಾವುದನ್ನೂ ಜೋಡಿಸದೆ ನೋಡಿದರೆ 12 ಬಂದೇ ಬರುತ್ತದೆ ಸರ್. ಡೊಂಬಿವಲಿಯವರಿಗೆ ಮೋಸವಾಗಿದ್ದೂ ಹಾಗೇ. ಬೋರ್ಡ್, ಡಿಸ್ಕ್ ಎಲ್ಲ ಎಳೆಯುವಾಗ ಅಳೆಯಬೇಕು. ಆಗ 11.4ಕ್ಕಿಂತ ಕೆಳಗಿಳಿದರೆ ಅದು ಕೆಲಸಕ್ಕೆ ಬಾರದ್ದು. ಇನ್ನು ರಬ್ಬರಿನ ಮಾತು. ನಾನು ವರ್ಷಕ್ಕೊಮ್ಮೆ, ಮೆಲ್ಲಗೆ ಉಜ್ಜುತ್ತಿದ್ದೆ. ಆ ರ‍್ಯಾಮ್ ಇವತ್ತಿಗೂ ನಡೆಯುತ್ತಿದೆ.

ಸಾಯನ್:
ಠಾಣೆಯವರು ಅಪ್ಪನ ಬರಹದ ಬಗ್ಗೆ ಕೇಳಿದ್ದು, ನೀವೆಲ್ಲ ವೋಲ್ಟ್ ಲೆಕ್ಕದಲ್ಲಿದ್ದೀರಿ. ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಹನ್ನೆರಡು ವರ್ಷದ ಪ್ರಶ್ನೆಪತ್ರಿಕೆ, ಮಕ್ಕಳ ನಾಟಕ, ಎಲ್ಲ ನುಡಿಯಲ್ಲಿತ್ತು. ರಿಪೇರಿಗೆ ಕೊಟ್ಟೆ. ಹೇಳದೆ ಕೇಳದೆ ಫಾರ್ಮ್ಯಾಟ್ ಮಾಡಿ ಕೊಟ್ಟರು. ಪೆನ್‌ಡ್ರೈವ್‌ನಲ್ಲಿದ್ದ ಎರಡು ವರ್ಷದ್ದು ಬಿಟ್ಟರೆ ಏನೂ ಉಳಿಯಲಿಲ್ಲ. ಮೂರು ನಾಟಕ ನಾನೇ ಬರೆದದ್ದು, ಈಗ ಒಂದು ಸಾಲೂ ನೆನಪಿಲ್ಲ. ತಮ್ಮಾ, ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿ ಮನೆಯಲ್ಲಿಡು. ಸಾಟಾದಿಂದ ಯುಎಸ್‌ಬಿಗೆ ಹಾಕುವ ಕೇಬಲ್ ಸಿಗುತ್ತದೆ, ನಾನು 700 ಕೊಟ್ಟು ತಂದೆ, ಆದರೆ ಎಲ್ಲ ಹೋದ ಮೇಲೆ. ನಿಮ್ಮದು ಅಳತೆಯಲ್ಲಿ ದೊಡ್ಡ, ಅಂದರೆ 3.5 ಇಂಚಿನ ಡಿಸ್ಕ್ ಆದರೆ ಅಡಾಪ್ಟರ್ ಇರುವ ಕೇಬಲ್ಲೇ ಬೇಕು, ಬರೀ ಯುಎಸ್‌ಬಿ ಕರೆಂಟ್ ಸಾಲುವುದಿಲ್ಲ.

ವಾಸ್ಕೋ:
ಅಕ್ಕಾ, ಹಳೇ ನುಡಿ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆ. ಮೊದಲಿಂದಲೇ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಬರೆಯಬೇಕಿತ್ತು.

ಸಾಯನ್:
ಮೊದಲಿಂದಲೇ ಅಂದರೆ ಯಾವಾಗಿನಿಂದ? ನಾವು ಟೈಪಿಂಗ್ ಕಲಿತಾಗ ನಮಗೆ ಕೈಗೆ ಸಿಕ್ಕಿದ್ದೇ ನುಡಿ, ಬರಹ ಎಂಬ ಸಾಫ್ಟ್‌ವೇರ್‌ಗಳು. ಆ ಎರಡು ಇಲ್ಲದಿದ್ದರೆ ಮುಂಬಯಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಒಂದು ಸಾಲು ಕನ್ನಡ ಬರೆಯುತ್ತಿರಲಿಲ್ಲ. ನುಡಿಯಲ್ಲೂ ಈಗ ಯೂನಿಕೋಡ್ ಇದೆ. ಹಳೆಯದನ್ನು ಬದಲಿಸುವ ಕನ್ವರ್ಟರ್ ಇದೆ. ಅರ್ಕಾವೊತ್ತು ಅಲ್ಲಲ್ಲಿ ಆಚೀಚೆ ಆಗುತ್ತದೆ, ಕೂತು ತಿದ್ದಬೇಕು. ಹಿರಿಯರು ಬರೆದದ್ದನ್ನು ಹೀಗೆ ಬೇಕಿತ್ತು, ಹಾಗೆ ಬೇಕಿತ್ತು ಅನ್ನಬೇಡಿ.

ಕೋಥ್ರೂಡ್:
ಟೀಚರ್ ಹೇಳಿದ್ದು ಸರಿ. ನನ್ನ ಹೊಸದರಲ್ಲೂ ಬಯೋಸ್ ಅಪ್‌ಡೇಟ್ ಮಾಡಿದ ದಿನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಿತು. ಮಗನ ಅಕೌಂಟ್‌ನಲ್ಲಿತ್ತು, ಸಿಗಲು ಎರಡು ದಿನ ಹಿಡಿಯಿತು. ಆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೊಸದು ತಂದವರೂ ಕೀ ಬರೆದಿಟ್ಟುಕೊಳ್ಳಿ.

ಠಾಣೆ:
ಕೇಬಲ್ ತಂದೆ. ಅಪ್ಪನ 214 ಫೈಲ್ ಕಾಪಿ ಆಯಿತು. ಅರ್ಕಾವೊತ್ತು ತಪ್ಪಿದ್ದನ್ನು ಅಪ್ಪನೇ ನನ್ನ ಲ್ಯಾಪ್‌ಟಾಪಿನಲ್ಲಿ ಕೂತು ತಿದ್ದುತ್ತಿದ್ದಾರೆ. ಭಾನುವಾರ ಗೆಳೆಯನ ಎಸ್‌ಎಂಪಿಎಸ್ ಹಾಕಿ ನೋಡುತ್ತೇನೆ.

ಡೊಂಬಿವಲಿ:
ನೋಡಿ, ಆದರೆ ಹಳೇ ಎಸ್‌ಎಂಪಿಎಸ್‌ನ ಡಬ್ಬಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಇರುತ್ತದೆ. ಆನ್ ಆಯಿತೋ ಇಲ್ಲವೋ ಇಲ್ಲೇ ಬರೆಯಿರಿ.