ಸೈಲೆನ್ಸರ್ ತೂತಿಗೆ ‘ಬೆಸುಗೆ’ ಅಂದ್ರೆ ಸಾಕಾ?

ನಮಸ್ಕಾರ. ತೀರ್ಥಹಳ್ಳಿ ಕಡೆಯ ಹುಡುಗರಿಗೆಂದು ಬೈಕ್ ರಿಪೇರಿಯ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟೈರು, ಚೈನು, ಪ್ಲಗ್ಗು ಎಲ್ಲ ಸಲೀಸಾಗಿ ಮುಗಿಯಿತು. ಸೈಲೆನ್ಸರ್‌ಗೆ ಬಿದ್ದ ಸಣ್ಣ ತೂತು ಮುಚ್ಚುವ ಪಾಠಕ್ಕೆ ಬಂದಾಗ ಪದಗಳು ಕೈಕೊಟ್ಟವು. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಬೆಸುಗೆ’.

ನಿಘಂಟು ತೆಗೆದರೆ ಸೋಲ್ಡರಿಂಗ್‌ಗೂ ಬೆಸುಗೆ, ಬ್ರೇಜಿಂಗ್‌ಗೂ ಬೆಸುಗೆ, ವೆಲ್ಡಿಂಗ್‌ಗೂ ಬೆಸುಗೆ. ಮದುವೆ ಕರೆಯೋಲೆಗೆ ಇಷ್ಟು ಸಾಕು. ಗ್ಯಾರೇಜಿಗೆ ಸಾಲದು. ಮೂರಕ್ಕೂ ಬೇಕಾದ ಕಾವು ಬೇರೆ ಬೇರೆ. ಸೋಲ್ಡರಿಂಗ್, ಅಂದರೆ ರೇಡಿಯೊ ರಿಪೇರಿಯವರ ತವರ-ಸೀಸದ ಬೆಸುಗೆ, 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಎಂಜಿನ್ನಿಗೆ ತಾಗಿಕೊಂಡಿರುವ ಬೆಂಡ್ ಪೈಪ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಆ ಬೆಸುಗೆ ಹಾಕಿ ಆಗುಂಬೆ ಘಾಟಿ ಹತ್ತಲು ಹೊರಟರೆ, ಮೇಲೆ ತಲುಪುವ ಮೊದಲೇ ಅದು ಕರಗಿ ರಸ್ತೆ ಪಾಲು. ಬ್ರೇಜಿಂಗ್‌ನ ಹಿತ್ತಾಳೆ ಕಡ್ಡಿ ಕರಗಲು ಸುಮಾರು 900 ಡಿಗ್ರಿ ಬೇಕು. ವೆಲ್ಡಿಂಗ್‌ನಲ್ಲಂತೂ ಸೈಲೆನ್ಸರ್‌ನ ಉಕ್ಕೇ ಕರಗಬೇಕು, ಅದಕ್ಕೆ 1500ರ ಆಸುಪಾಸು. ಹೀಗಿರುವಾಗ ‘ತೂತಿಗೆ ಬೆಸುಗೆ ಹಾಕಿ’ ಎಂದು ಬರೆದರೆ ಓದಿದವನು ಯಾವುದನ್ನು ಹಾಕಬೇಕು?

ಶಿವಮೊಗ್ಗದ ಗ್ಯಾರೇಜುಗಳಲ್ಲಿ ನನಗಂತೂ ‘ಬೆಸುಗೆ’ ಕಿವಿಗೆ ಬಿದ್ದಿಲ್ಲ. ಅಲ್ಲಿ ‘ಕರೆಂಟ್ ವೆಲ್ಡಿಂಗ್’, ‘ಗ್ಯಾಸ್ ವೆಲ್ಡಿಂಗ್’, ಹಿತ್ತಾಳೆ ಕಡ್ಡಿಯಾದರೆ ‘ಬ್ರಾಸ್ ವೆಲ್ಡಿಂಗ್’. ಈ ಕೊನೆಯದು ಲೆಕ್ಕಕ್ಕೆ ವೆಲ್ಡಿಂಗ್ ಅಲ್ಲವೇ ಅಲ್ಲ, ಉಕ್ಕು ಕರಗುವುದಿಲ್ಲ. ಆದರೂ ಹೆಸರು ಕೆಲಸ ಮಾಡುತ್ತದೆ. ಯಾವ ಕಡ್ಡಿ ಅಂತ ಗೊತ್ತಾಯಿತು, ಎಷ್ಟು ಕಾವು ಅಂತಲೂ ಗೊತ್ತಾಯಿತು.

ಸಣ್ಣ ತೂತಿಗೆ ನಮ್ಮ ಕಡೆ ಹೆಚ್ಚಾಗಿ ಇದನ್ನೇ ಮಾಡಿಸುವುದು. ತೂತಿನ ಸುತ್ತ ತುಕ್ಕು ತಿಂದು ತಗಡು ತೆಳ್ಳಗಾಗಿರುತ್ತದೆ. ಕರೆಂಟ್ ವೆಲ್ಡಿಂಗ್‌ನ ಕಡ್ಡಿ ತಾಗಿಸಿದರೆ ಕಡಲೆಕಾಳಿನಷ್ಟಿದ್ದ ತೂತು ನಾಣ್ಯದಷ್ಟಾಗುತ್ತದೆ. ಕೆಲಸ ಬಲ್ಲವರು ಮೊದಲು ಸೈಲೆನ್ಸರ್ ಬಿಚ್ಚಿ, ತೂತಿನ ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡುತ್ತಾರೆ. ಟಣ್ ಅಂದರೆ ಗಟ್ಟಿ, ಬೊದ್ ಅಂದರೆ ಅಲ್ಲೂ ಒಳಗಿಂದ ಹೋಗಿದೆ. ಆಮೇಲೆ ಕ್ರೋಮ್, ಪೇಂಟ್, ತುಕ್ಕು ಎಲ್ಲ ಉಜ್ಜಿ ಬೆಳ್ಳಗಿನ ಉಕ್ಕು ಕಾಣಿಸುತ್ತಾರೆ. ಕಡ್ಡಿಯ ತುದಿ ಕಾಯಿಸಿ ಡಬ್ಬಿಯೊಳಗಿನ ಬಿಳಿ ಪುಡಿಗೆ ಅದ್ದುತ್ತಾರೆ. ಉಕ್ಕು ಕೆಂಪಗಾದಾಗ ಕಡ್ಡಿ ತಾಗಿಸಿದರೆ ಹಿತ್ತಾಳೆ ತಾನಾಗಿಯೇ ತೂತಿನ ಅಂಚು ಸುತ್ತಿ ಹರಿದು ಕೂರುತ್ತದೆ. ಉಕ್ಕು ಕೊಳಕಾಗಿದ್ದರೆ ಹರಿಯುವುದೇ ಇಲ್ಲ, ಗೋಲಿಯಾಗಿ ಉರುಳಿ ಕೆಳಗೆ ಬೀಳುತ್ತದೆ.

ಆ ಬಿಳಿ ಪುಡಿಗೆ ಗ್ಯಾರೇಜಿನಲ್ಲಿ ಬರೀ ‘ಪೌಡರ್’ ಅನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಇರುವುದು ಬೊರಾಕ್ಸ್. ಅಕ್ಕಸಾಲಿಗರು ಚಿನ್ನ ಬೆಸೆಯುವಾಗ ಬಳಸುವ ಬಿಳಿಗಾರ ಇದೇ ತಾನೇ? ‘ಬಿಳಿಗಾರ’ದಂಥ ಪದ ಗಾಂಧಿಬಜಾರಿನ ಚಿನ್ನದ ಕೆಲಸದವರ ಬಾಯಲ್ಲಿ ಇರುವಾಗ ಲೋಹ ಹರಿಯಲೆಂದು ಹಾಕುವ ಈ ಪುಡಿಗೆ (ಫ್ಲಕ್ಸ್) ನಾನು ‘ಸ್ರಾವಕ’ ಅಂತ ಯಾಕೆ ಬರೆಯಲಿ? ಇದನ್ನು ಕೈಪಿಡಿಗೆ ಹಾಕಿಯೇ ಹಾಕುತ್ತೇನೆ.

ಸದ್ಯಕ್ಕೆ ನನ್ನ ಯೋಚನೆ ಹೀಗಿದೆ. ಎರಡು ಲೋಹಗಳ ನಡುವೆ ಮೂರನೆಯದು ಕರಗಿ ಕೂಡಿಸಿದರೆ ‘ಬೆಸುಗೆ’: ತವರದ ಬೆಸುಗೆ, ಹಿತ್ತಾಳೆ ಬೆಸುಗೆ. ಮೂಲ ಲೋಹವೇ ಕರಗಿದರೆ ‘ವೆಲ್ಡಿಂಗ್’, ಇದ್ದ ಹಾಗೇ. ಶುದ್ಧ ಕನ್ನಡ ಬೇಕೆನ್ನುವವರು ಬೈಯಬಹುದು. ಆದರೆ ಎಲ್ಲವನ್ನೂ ಬೆಸುಗೆಯ ಬುಟ್ಟಿಗೆ ತುಂಬಿದರೆ ಕನ್ನಡ ಬೆಳೆಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಹಳಗನ್ನಡ, ಶಾಸನ ಓದಿದವರು ಇಲ್ಲಿದ್ದೀರಿ. ಕಮ್ಮಾರರು ಕಾದ ಕಬ್ಬಿಣವನ್ನು ಬಡಿದು ಕೂಡಿಸುವುದಕ್ಕೆ ಬೆಸುಗೆಯಲ್ಲದೆ ಬೇರೆ ಮಾತು ಇತ್ತಾ? ಇದ್ದರೆ ಅದನ್ನೇ ವೆಲ್ಡಿಂಗ್‌ಗೆ ತರಬಹುದು.

ಇನ್ನು ‘ತೇಪೆ’. ತೂತು ದೊಡ್ಡದಾದರೆ ಮೇಲೆ ತಗಡಿನ ತುಂಡಿಟ್ಟು ಸುತ್ತ ಕೂಡಿಸುತ್ತಾರೆ. ಇದಕ್ಕೆ ತೇಪೆ, ನಮ್ಮ ಬಾಯಲ್ಲಿ ತ್ಯಾಪೆ, ಚೆನ್ನಾಗಿ ಒಪ್ಪುತ್ತದೆ. ಕೈಕೊಡುವುದು ‘ತಗಡು’. ಮಲೆನಾಡಿನಲ್ಲಿ ತಗಡು ಅಂದರೆ ಮೊದಲು ನೆನಪಾಗುವುದು ಕೊಟ್ಟಿಗೆ ಮಾಡಿನ ತಗಡು. ಅದಕ್ಕೆ ಸತುವಿನ ಲೇಪ ಇರುತ್ತದೆ. ಅದನ್ನು ಕತ್ತರಿಸಿ ವೆಲ್ಡಿಂಗ್‌ಗೆ ಕೊಟ್ಟರೆ ಸತು ಸುಟ್ಟು ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ಸಂಜೆಗೆ ಚಳಿಜ್ವರ. ಹಾಗಾಗಿ ಬರೀ ‘ತಗಡು’ ಎಂದು ಬರೆಯಲು ಧೈರ್ಯ ಬರುತ್ತಿಲ್ಲ. ‘ಸತು ಬಳಿಯದ ಉಕ್ಕಿನ ತಗಡು’ ಎಂದಿದ್ದೇನೆ. ಉದ್ದವಾಯಿತು. ಚಿಕ್ಕದು ಗೊತ್ತಿದ್ದರೆ ಹೇಳಿ.

ತೇಪೆ ಹಾಕು, ಪ್ಯಾಚ್ ಹಾಕು ಸರಿ. ‘ಪಂಕ್ಚರ್ ಹಾಕು’ ಮಾತ್ರ ನನಗೆ ಯಾವಾಗಲೂ ನಗು ತರಿಸುತ್ತದೆ. ಹಾಕುವುದು ತೇಪೆ, ಹೆಸರು ತೂತಿನದು! ಹೊರಗಿನವರು ಕೇಳಿದರೆ ಇವರು ದುಡ್ಡು ಕೊಟ್ಟು ಟೈರಿಗೆ ಮೊಳೆ ಹೊಡೆಸಿಕೊಳ್ಳುತ್ತಾರೆ ಅಂದುಕೊಂಡಾರು. ಆದರೆ ‘ಸೈಲೆನ್ಸರ್‌ಗೆ ಪಂಕ್ಚರ್ ಹಾಕಿಸಿದೆ’ ಅಂತ ಯಾರೂ ಅನ್ನುವುದಿಲ್ಲ. ಅದಕ್ಕೆ ‘ವೆಲ್ಡಿಂಗ್ ಹೊಡೆಸಿದೆ’.

ವೆಲ್ಡಿಂಗ್ ಬೇಡದ ದಾರಿಯೂ ಉಂಟು. ಅಂಗಡಿಯಲ್ಲಿ ಸಿಗುವ ಸೈಲೆನ್ಸರ್ ಪೇಸ್ಟ್. ಕಾವು ತಾಗಿದಷ್ಟೂ ಕಲ್ಲಾಗುವಂಥದ್ದು. ಇದಕ್ಕೆ ‘ಹಚ್ಚು’, ‘ಬಳಿ’, ‘ಸವರು’ ಯಾವುದೂ ಒಗ್ಗಲಿಲ್ಲ, ‘ಮೆತ್ತು’ ಒಗ್ಗಿತು. ನೀರಿನ ಟ್ಯಾಂಕಿಗೆ ಮೆತ್ತುವ ಎಪಾಕ್ಸಿ ಇಲ್ಲಿ ಬೇಡ, ಸುಟ್ಟು ಉದುರುತ್ತದೆ.

ಈಗ ತೂತಿನ ವಿಚಾರ. ಶಿವಮೊಗ್ಗ ಪೇಟೆಯಲ್ಲಿ ತೂತು, ಘಟ್ಟದ ಅಂಚಿಗೆ ಹೋದಂತೆ ಒಟ್ಟೆ. ಕೊಡೆ ಒಟ್ಟೆ, ಕೊಡಪಾನ ಒಟ್ಟೆ, ಸೈಲೆನ್ಸರೂ ಒಟ್ಟೆ. ಎರಡೂ ಇರಲಿ. ಆದರೆ ಬೈಕಿನಲ್ಲಿ ಎರಡು ಜಾತಿಯ ತೂತು ಇರುತ್ತವೆ. ತಾನಾಗಿ ಬಿದ್ದದ್ದು ಒಂದು, ಕಂಪನಿಯವರೇ ಕೊರೆದದ್ದು ಇನ್ನೊಂದು. ಬಹಳಷ್ಟು ಬೈಕುಗಳ ಸೈಲೆನ್ಸರ್‌ನ ಕೆಳಹೊಟ್ಟೆಯಲ್ಲಿ ಸಣ್ಣದೊಂದು ತೂತು ಬೇಕೆಂದೇ ಇಟ್ಟಿರುತ್ತಾರೆ, ನೀರು ಇಳಿಯಲಿ ಅಂತ. ನೀರು ಎಲ್ಲಿಂದ ಬಂತು? ಪೆಟ್ರೋಲ್ ಉರಿದಾಗ ಹುಟ್ಟುವುದೇ ನೀರಾವಿ. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು. ದೂರ ಓಡಿಸಿದರೆ ಸೈಲೆನ್ಸರ್ ಚೆನ್ನಾಗಿ ಕಾದು ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಷ್ಟೇ ಓಡಿಸಿದರೆ ಒಳಗೇ ತಣಿದು ನಿಲ್ಲುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ ಅಂತ ನಾವು ಮಳೆಯನ್ನು ಬೈಯುತ್ತೇವೆ. ಸೈಲೆನ್ಸರ್ ಮಾತ್ರ ಹೆಚ್ಚಾಗಿ ಒಳಗಿಂದಲೇ ತುಕ್ಕು ಹಿಡಿಯುತ್ತದೆ, ಹೊರಗೆ ಕ್ರೋಮ್ ಫಳಫಳ ಅನ್ನುತ್ತಿರುವಾಗಲೇ.

ಈ ಬೇಕೆಂದೇ ಇಟ್ಟ ತೂತಿಗೆ ಕನ್ನಡದಲ್ಲಿ ಹೆಸರಿಲ್ಲ. ಅದಕ್ಕೇ ಎಷ್ಟೋ ಜನ ಅದನ್ನೂ ‘ತೂತು ಬಿದ್ದಿದೆ’ ಅಂದುಕೊಂಡು ಮುಚ್ಚಿಸುತ್ತಾರೆ. ಆಮೇಲೆ ನಿಂತ ನೀರು ನಿಜವಾದ ತೂತನ್ನು ಮಾಡುತ್ತದೆ. ‘ಬಸಿತೂತು’ ಅಂದರೆ ಹೇಗೆ? ಅಡಿಕೆ ತೋಟದ ಬಸಿಗಾಲುವೆ ಎಲ್ಲರಿಗೂ ಗೊತ್ತು. ಬಸಿಗಾಲುವೆ ಮುಚ್ಚಿದರೆ ತೋಟದ ಗತಿ ಏನು ಅಂತ ಮಲೆನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ‘ಬಸಿಗಂಡಿ’ ಕೂಡ ಯೋಚಿಸಿದೆ. ಕಂಡಿ ಅಂದರೆ ಇಷ್ಟು ಚಿಕ್ಕದಕ್ಕೆ ದೊಡ್ಡ ಮಾತಾಯಿತು ಅನ್ನಿಸಿತು.

ಕೊನೆಗೆ ಸದ್ದು. ಕೀಲಿನಲ್ಲೋ ತೂತಿನಲ್ಲೋ ಹೊಗೆ ಹೊರಬಂದರೆ ‘ಲೀಕ್ ಹೊಡೀತಿದೆ’, ‘ಊದ್ತಿದೆ’ ಎರಡನ್ನೂ ಕೇಳಿದ್ದೇನೆ. ನನಗೆ ‘ಊದು’ ಇಷ್ಟ. ಪತ್ತೆ ಹಚ್ಚುವ ಬಗೆಯೂ ಅದರಲ್ಲೇ ಇದೆ. ತಣ್ಣಗಿರುವಾಗ ಎಂಜಿನ್ ಚಾಲೂ ಮಾಡಿ, ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಕ್ಷಣ ಹಿಡಿದರೆ ತೂತು ಇರುವ ಕಡೆ ಪುಸ್ ಪುಸ್ ಊದುತ್ತದೆ. ಸುತ್ತ ಕರಿ ಮಸಿಯೂ ಕೂತಿರುತ್ತದೆ. ಆದರೆ ಥ್ರಾಟಲ್ ಬಿಟ್ಟಾಗ ಅದೇ ತೂತು ಹೊರಗಿನ ಗಾಳಿ ಎಳೆದುಕೊಂಡು ‘ಪಟ್ ಪಟ್’ ಅನ್ನುತ್ತದಲ್ಲ, ಅದಕ್ಕೆ ಏನನ್ನಲಿ? ‘ಬ್ಯಾಕ್‌ಫೈರ್’ ಅಂತ ಎಲ್ಲರೂ ಅನ್ನುತ್ತಾರೆ, ಆದರೆ ಅದು ಕಾರ್ಬ್ಯುರೇಟರ್ ಕಡೆಗೆ ಸಿಡಿಯುವುದಕ್ಕೆ ಇರುವ ಹೆಸರು. ಸೈಲೆನ್ಸರ್ ಒಳಗಿನ ಈ ಸಿಡಿತಕ್ಕೆ ಸಾಗರ, ಹೊಸನಗರ, ಕೊಪ್ಪ ಕಡೆ ಏನಾದರೂ ಮಾತು ಇದ್ದರೆ ತಿಳಿಸಿ. ‘ಬಸಿತೂತು’ ಕಿವಿಗೆ ಹೇಗೆ ಕೇಳಿಸಿತು ಅಂತಲೂ ಬರೆಯಿರಿ.